ತಡೆದು ಕೊಡುವ ದೇವರು

ಋಷಿಮೂಲ, ನದಿಮೂಲ ಹುಡುಕಬಾರದು ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಋಷಿಯ ಮಟ್ಟಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಅವನು ಯಾರ ಮಗ, ಯಾವ ಕುಲದವನು ಎಂದು ಕೆದಕುತ್ತ ಕೂರಬೇಡ. ಅವನು ಕೊಟ್ಟ ಅರಿವನ್ನು ತೆಗೆದುಕೊಂಡು ಬದುಕು. ವ್ಯಾಸರನ್ನೂ ವಾಲ್ಮೀಕಿಯನ್ನೂ ಪೂಜಿಸುವ ನಾಡಿಗೆ ಈ ಬುದ್ಧಿವಾದ ಬೇಕೇ ಬೇಕು. ಆದರೆ ನದಿಯನ್ನು ಯಾಕೆ ಋಷಿಯ ಜೊತೆಗೆ ಸೇರಿಸಿದರು? ನದಿಯ ಹುಟ್ಟಿನಲ್ಲಿ ಮುಚ್ಚಿಡುವಂಥದ್ದು ಏನಿದೆ? ಹುಟ್ಟುವ ಜಾಗಕ್ಕೇ ಹೋಗಿ ಕೈಮುಗಿದು ಬಂದರೆ ತಪ್ಪೇನು? ಅಥವಾ ಹೋಗುವುದೇ ಬೇಡ, ಇದ್ದಲ್ಲಿಂದಲೇ ಕೈಮುಗಿ ಎನ್ನುವುದು ಆ ಮಾತಿನ ಒಳಗುಟ್ಟೋ?

ನನಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಬಿ.ಸಿ.ರೋಡಿನಲ್ಲಿ ನನ್ನದು ಪಂಪು ರಿಪೇರಿಯ ಅಂಗಡಿ. ಸರಪಾಡಿ, ಕಡೇಶಿವಾಲಯ, ನರಿಕೊಂಬು, ಸಜಿಪ ಎಂದು ನೇತ್ರಾವತಿಯ ಎರಡೂ ದಂಡೆಯ ಅಡಿಕೆ ತೋಟದವರು ಜನವರಿ ದಾಟಿತೆಂದರೆ ಸುಟ್ಟ ಮೋಟಾರು, ಸವೆದ ಇಂಪೆಲ್ಲರ್ ಹಿಡಿದುಕೊಂಡು ಬರುತ್ತಾರೆ. ನಾನು ಉಣ್ಣುವ ಅನ್ನ ಹೊಳೆಯದ್ದು. ಸಂಜೆ ಬಾಗಿಲು ಹಾಕಿದ ಮೇಲೆ ತಾಳಮದ್ದಳೆ. ಅರ್ಥ ಹೇಳುವವನಿಗೆ ಒಂದು ಕಟ್ಟುಪಾಡು ಉಂಟು: ಎದುರಿನ ಪಾತ್ರ ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ಪ್ರಸಂಗ ಮುಂದಕ್ಕೆ ಹೋಗುವುದಿಲ್ಲ. ಈ ಪ್ರಶ್ನೆಯನ್ನು ನನ್ನೆದುರು ಎತ್ತಿದವಳು ನನ್ನ ಅಕ್ಕ.

ಅಕ್ಕನ ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ರಜೆಗೆ ಬಂದವನು ಗೆಳೆಯರೊಂದಿಗೆ ನೇತ್ರಾವತಿ ಶಿಖರದ ಚಾರಣ ಬುಕ್ ಮಾಡಿ, “ಮಾವ, ನಿಮ್ಮ ಹೆಸರೂ ಸೇರಿಸಿದ್ದೇನೆ, ಬನ್ನಿ” ಎಂದ. ಅಕ್ಕ ಅಕ್ಕಿ ಆರಿಸುತ್ತಿದ್ದವಳು ಗೆರಸೆ ಕೆಳಗಿಟ್ಟಳು. “ನಾವು ಸ್ನಾನಕ್ಕೆ ಹೊಳೆಗಿಳಿಯುವಾಗ ಮೆಟ್ಟು ದಡದಲ್ಲಿ ಬಿಟ್ಟು ಇಳಿಯುವವರು. ನೀವು ಅವಳು ಹುಟ್ಟುವ ಜಾಗಕ್ಕೇ ಬೂಟು ಹಾಕಿಕೊಂಡು ಹೋಗುವುದಾ?” ಅಳಿಯ ಸಿಟ್ಟಾಗಲಿಲ್ಲ. “ಅಮ್ಮ, ದೇವಸ್ಥಾನದಲ್ಲಿ ಸಾಲು ನಿಂತಾಗ ಅನ್ನಿಸದ್ದು ನನಗೆ ಅಲ್ಲಿ ಅನ್ನಿಸ್ತದೆ” ಎಂದ. ಇಬ್ಬರ ಮಾತೂ ಮನಸ್ಸಿನ ಆಳದಿಂದ ಬಂದದ್ದು. ಒಬ್ಬಳಿಗೆ ಭಕ್ತಿ ಎಂದರೆ ದೂರ ನಿಲ್ಲುವುದು, ಇನ್ನೊಬ್ಬನಿಗೆ ಹತ್ತಿರ ಹೋಗುವುದು. ಇವೆರಡರಲ್ಲಿ ಯಾವುದು ಸರಿ ಎಂಬುದು ನಮ್ಮ ಮನೆಯೊಂದರ ಜಗಳವಲ್ಲ. ದೇವರು ಇರುವಲ್ಲಿಗೆ ಮನುಷ್ಯ ಎಷ್ಟು ಹತ್ತಿರ ಹೋಗಬಹುದು ಎಂಬ ಹಳೆಯ ಪ್ರಶ್ನೆಯೇ ಅದು.

ಮೂಲ ಎಂದರೇನು ಎಂಬುದು ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮ ಘಟ್ಟದಲ್ಲಲ್ಲ, ಉತ್ತರಕಾಶಿ ಜಿಲ್ಲೆಯಲ್ಲಿ. ನಮ್ಮ ಕಡೆಯಿಂದ ಚಾರ್‌ಧಾಮ್ ಯಾತ್ರೆಗೆ ಹೋಗುವವರಲ್ಲಿ ಹೆಚ್ಚಿನವರು ಗಂಗೋತ್ರಿಯ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಕ್ಯಾನಿಗೆ ಗಂಗೆಯನ್ನು ತುಂಬಿಸಿ ಹಿಂತಿರುಗುತ್ತಾರೆ. ನಾವು ಕೆಲವರು ಅಲ್ಲಿಂದ ಮುಂದಕ್ಕೆ, ಗೋಮುಖಕ್ಕೆ ನಡೆದೆವು. 18 ಕಿಲೋಮೀಟರ್ ದಾರಿ. ಹೆಚ್ಚಿನದು 1989ರಲ್ಲಿ ಘೋಷಣೆಯಾದ ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಒಳಗೆ. ಹಿಮಚಿರತೆಯೂ ಭರಲ್ ಎಂಬ ನೀಲಿ ಕುರಿಯೂ ಇರುವ ಸೀಮೆ. ಅರಣ್ಯ ಇಲಾಖೆಯ ಚೀಟಿ ಇಲ್ಲದೆ ಗೇಟು ದಾಟುವ ಹಾಗಿಲ್ಲ, ದಿನಕ್ಕೆ 150 ಜನರಿಗೆ ಮಾತ್ರ ಚೀಟಿ. ಅಂದು ಚೀಟಿ ಸಿಗದ ವೃದ್ಧರೊಬ್ಬರು, ತಾಯಿಯನ್ನು ನೋಡಲು ಸರಕಾರದ ಅಪ್ಪಣೆ ಬೇಕೇ ಎಂದು ಕಣ್ಣೀರು ಹಾಕಿದರು. ಅವರಿಗೆ ಉತ್ತರ ಕೊಡಲು ಆ ಹೊತ್ತಿನಲ್ಲಿ ನನ್ನ ಬಳಿ ಮಾತಿರಲಿಲ್ಲ.

ಉತ್ತರದ ಒಂದು ಪಾಲು ದಾರಿಯಲ್ಲೇ ಸಿಕ್ಕಿತು. ಒಂಬತ್ತು ಕಿಲೋಮೀಟರಿಗೆ ಚೀಡ್‌ಬಾಸಾ, ಹದಿನಾಲ್ಕಕ್ಕೆ ಭೋಜ್‌ಬಾಸಾ. ಭೋಜ್‌ಬಾಸಾ ಎಂದರೆ ಭೂರ್ಜ ಮರಗಳ ತಾಣ. ನಾನು ಕಂಡ ಭೋಜ್‌ಬಾಸಾ ಬೋಳು ಬಯಲು. ಯಾತ್ರಿಕರು ಹೆಚ್ಚಿದಂತೆ ಚಹಾಕ್ಕೆ, ರೊಟ್ಟಿಗೆ, ಚಳಿ ಕಾಯಿಸುವುದಕ್ಕೆ ಆ ಮರಗಳೆಲ್ಲ ಸೌದೆಯಾದವು. ಕಾಗದ ಬರುವ ಮೊದಲು ನಮ್ಮ ಎಷ್ಟೋ ಶಾಸ್ತ್ರಗಳನ್ನು ಬರೆದಿಟ್ಟದ್ದು ಭೂರ್ಜದ ತೊಗಟೆಯ ಮೇಲೆ. ಆ ಶಾಸ್ತ್ರಗಳನ್ನು ನಂಬಿ ನಡೆದು ಬಂದವರ ಒಲೆಗೇ ಆ ಮರ ಬಿದ್ದದ್ದು ನನ್ನನ್ನು ಬಹಳ ಕಾಲ ಕಾಡಿತು. ಪರ್ವತಾರೋಹಿಯೂ ಅರ್ಥಶಾಸ್ತ್ರದ ಅಧ್ಯಾಪಕಿಯೂ ಆದ ಹರ್ಷವಂತಿ ಬಿಷ್ಟ್ ಅವರು 1989ರಲ್ಲಿ ಗಂಗೋತ್ರಿ ಉಳಿಸುವ ಕೆಲಸಕ್ಕೆ ಕೈಹಾಕಿ, ಆ ಎತ್ತರದಲ್ಲಿ ಭೂರ್ಜದ ಸಸಿ ಬೆಳೆಸಿ ನೆಟ್ಟರು. ಅವರು ಮಾಡಿದ್ದು ಪೂಜೆಯೇ. ಒಲೆ ಉರಿಸಿದವರ ಭಕ್ತಿಯೂ ಸುಳ್ಳಲ್ಲ. ಅವರ ಭಕ್ತಿಗೆ ಮಿತಿಯೊಂದು ಇರಲಿಲ್ಲ, ಅಷ್ಟೆ.

ಗೋಮುಖ ಕ್ಯಾಲೆಂಡರಿನಲ್ಲಿ ಕಾಣುವ ಹಾಗೆ ಬೆಳ್ಳಗೆ ಇಲ್ಲ. ಮಣ್ಣು, ಜಲ್ಲಿ, ಬಂಡೆ ಮೈಗೆ ಮೆತ್ತಿಕೊಂಡ ಬೂದುಬಣ್ಣದ ಎತ್ತರದ ಗೋಡೆ ಅದು. ಹೊಸದಾಗಿ ಒಡೆದ ಕಡೆ ಮಾತ್ರ ಒಳಗಿನ ಮಂಜುಗಡ್ಡೆ ನೀಲಿಯಾಗಿ ಕಾಣುತ್ತದೆ. ಬಿಸಿಲೇರಿದಂತೆ ಮೇಲಿನ ಕಲ್ಲುಗಳು ಸಡಿಲವಾಗಿ ಉರುಳುತ್ತವೆ, ಹತ್ತಿರ ಹೋಗಬಾರದು. ಬುಡದ ಗವಿಯಿಂದ ಭಾಗೀರಥಿ ಮಡ್ಡಿ ನೀರಾಗಿ ನುಗ್ಗುತ್ತಾಳೆ. ನಾನು ತುಂಬಿಸಿಕೊಂಡ ಬಾಟಲಿಯ ತಳದಲ್ಲಿ ರಾತ್ರಿ ನುಣ್ಣನೆಯ ಹುಡಿ ಕೂತಿತ್ತು. ಬೆರಳಿಗೆ ಹಚ್ಚಿ ಉಜ್ಜಿದೆ. ಹಿಮನದಿ ತನ್ನ ಭಾರದಿಂದ ಬಂಡೆಯನ್ನು ಅರೆದು ತಂದ ಹುಡಿ ಅದು. ಇಂಥ ನೀರು ಒಂದೇ ಬೇಸಿಗೆಯಲ್ಲಿ ಇಂಪೆಲ್ಲರನ್ನು ತಿಂದುಬಿಡುತ್ತದೆ ಎಂದು ಕೈಗೆ ತಿಳಿಯಿತು; ಇದೇ ಹುಡಿ ಗಂಗೆಯ ಬಯಲಿನ ಹೊಲಗಳಿಗೆ ಮಣ್ಣಾಗುವುದೆಂದು ಆಮೇಲೆ ಹೊಳೆಯಿತು.

ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿಲೋಮೀಟರ್. ಎಂದೋ ಬಿದ್ದ ಹಿಮ, ಅದರ ಮೇಲೆ ಮರುವರ್ಷದ ಹಿಮ, ಹೀಗೆ ಭಾರಕ್ಕೆ ಭಾರ ಸೇರಿ ಮಂಜುಗಡ್ಡೆಯಾಗಿ, ಕಾಣದಷ್ಟು ನಿಧಾನವಾಗಿ ಕೆಳಕ್ಕೆ ಜರಗುತ್ತ ಬಂದು, ಇಲ್ಲಿ ಕರಗುತ್ತದೆ. ಬಯಲಿನಲ್ಲಿ ಬಾವಿ ಬತ್ತುವ ಬೇಸಿಗೆಯಲ್ಲೂ ಕರಗುತ್ತದೆ. ಎಂದರೆ ನಾನು ಮೂಲ ಎಂದುಕೊಂಡು ನೋಡಲು ಹೋದದ್ದು ನೀರು ಹುಟ್ಟುವ ಜಾಗವಲ್ಲ. ಬಿದ್ದ ನೀರನ್ನು ಹಿಡಿದಿಟ್ಟುಕೊಂಡು, ಬೇಕಾದ ಕಾಲಕ್ಕೆ ಬಿಡುವ ಜಾಗ. ನನ್ನ ಕಸುಬಿನಲ್ಲಿ ಇದಕ್ಕೆ ಒಂದು ಹೋಲಿಕೆ ಉಂಟು. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ನೀರಿನಡಿ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ನೀರನ್ನು ಮೇಲೆತ್ತುವುದಿಲ್ಲ. ಏರಿದ ನೀರು ಜಾರಿ ಹೋಗದಂತೆ ಹಿಡಿದು ನಿಲ್ಲುತ್ತದೆ. ಅದು ಹಿಡಿಯದಿದ್ದರೆ ಎಷ್ಟು ಎಚ್‌ಪಿಯ ಮೋಟಾರು ಹಾಕಿದರೂ ಪಂಪು ಗಾಳಿಯನ್ನು ತಿರುಗಿಸುತ್ತದೆ, ತೋಟಕ್ಕೆ ಹನಿ ನೀರು ಹೋಗುವುದಿಲ್ಲ. ಹರಿಯುವುದಕ್ಕೆ ಮೊದಲು ಹಿಡಿದಿಡುವುದು ಬೇಕು. ಗೋಮುಖದ ಎದುರು ನಾನು ಕೈಮುಗಿದದ್ದು ಆ ಹಿಡಿತಕ್ಕೆ.

ಆ ಹಿಡಿತ ಈಗ ಸಡಿಲವಾಗುತ್ತಿದೆ. 1935ರಿಂದ ಅಳತೆ ಇಟ್ಟವರ ಲೆಕ್ಕದಂತೆ ಹಿಮನದಿಯ ಮೂತಿ ಒಂದು ಕಿಲೋಮೀಟರಿಗಿಂತ ಹೆಚ್ಚು ಹಿಂದೆ ಸರಿದಿದೆ. ನಮ್ಮ ಅಜ್ಜಂದಿರ ಕಾಲದ ಯಾತ್ರಿಕರು ನಮಸ್ಕರಿಸಿದ ಗೋಮುಖ ಈಗ ಬರಿಯ ಕಲ್ಲಿನ ಹಾಸು.

ಅಳಿಯನ ಜೊತೆ ನೇತ್ರಾವತಿ ಶಿಖರಕ್ಕೆ ಹೊರಟದ್ದು ಡಿಸೆಂಬರಿನಲ್ಲಿ. ಸಿದ್ಧಕಟ್ಟೆ, ಮೂಡುಬಿದಿರೆ, ಕಾರ್ಕಳ, ಬಜಗೋಳಿ ದಾಟಿ ಮಾಳದ ಗೇಟಿನಿಂದ ಘಟ್ಟ ಹತ್ತಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾಯಿತು, ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಸಿಂಗಳೀಕಗಳ ದೊಡ್ಡ ನೆಲೆ ಇದು. 1980ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಅವುಗಳ ಸಮೀಕ್ಷೆ ಮಾಡಿದ್ದು ಈ ಕಾಡಿಗೆ ರಕ್ಷಣೆ ಸಿಗಲು ಆಧಾರವಾಯಿತು. ಇಲ್ಲಿಯೂ ಚಾರಣಿಗರಿಗೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ ಎಂಬ ಮಿತಿ, ಜೊತೆಗೆ ಸ್ಥಳೀಯ ಗೈಡ್.

ಇಲ್ಲಿ ಹಿಮವಿಲ್ಲ. ಮಳೆ ಮಾತ್ರ ವರ್ಷಕ್ಕೆ ಸುಮಾರು 7000 ಮಿಲಿಮೀಟರ್, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಬೆಟ್ಟಗಳೋ ಕಡಿದು. ಬಿದ್ದ ನೀರೆಲ್ಲ ಅಂದಂದೇ ಇಳಿದು ಕಡಲು ಸೇರಬೇಕಿತ್ತು. ಹಾಗಿದ್ದರೆ ನವೆಂಬರಿಗೆ ನೇತ್ರಾವತಿಯಲ್ಲಿ ಮರಳು ಮಾತ್ರ ಇರುತ್ತಿತ್ತು, ನನ್ನ ಅಂಗಡಿಗೆ ಕೆಲಸವೇ ಇರುತ್ತಿರಲಿಲ್ಲ. ಬೇಸಿಗೆಗೂ ಹೊಳೆಯಲ್ಲಿ ಹರಿವು ಉಳಿಯುವುದು ಹೇಗೆ?

ಉತ್ತರಕ್ಕೆ ಕೈಯನ್ನೇ ಇಟ್ಟು ನೋಡಿದೆ. ಹುಲ್ಲುಗುಡ್ಡದ ಎರಡು ಮಡಿಕೆಗಳ ನಡುವೆ ಶೋಲಾ ಕಾಡು ಇರುತ್ತದೆ. ಮೇಲೆ ಗಾಳಿಗೆ ಬಾಗಿದ ಹುಲ್ಲು. ನಾಲ್ಕು ಹೆಜ್ಜೆ ಇಳಿದರೆ ಮರಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಕತ್ತಲು. ಮಳೆ ನಿಂತು ವಾರಗಳಾಗಿದ್ದವು, ದಾರಿಯ ಮಣ್ಣು ಹುಡಿ ಹಾರುತ್ತಿತ್ತು. ಶೋಲಾದ ಅಂಚಿನ ಮರವೊಂದರ ಬುಡಕ್ಕೆ ದಪ್ಪ ಪಾಚಿ ಹಬ್ಬಿತ್ತು. ಅಂಗೈ ಇಟ್ಟು ಮೆಲ್ಲಗೆ ಒತ್ತಿದೆ. ಬೆರಳುಗಳ ಸಂದಿಯಿಂದ ನೀರು ಜಿನುಗಿತು. ಕೈ ತೆಗೆದೆ, ಪಾಚಿ ಮತ್ತೆ ಉಬ್ಬಿ ಮೊದಲಿನಂತಾಯಿತು. ಕೆಳಗೆ ತರಗೆಲೆಯಡಿ ಒಂದು ಗೇಣು ಅಗಲದ ತೊರೆ ಹರಿಯುತ್ತಿತ್ತು. ಕಾಣುವುದಕ್ಕಿಂತ ಮೊದಲು ಕಿವಿಗೆ ಸಿಕ್ಕಿತು. “ಇದು ಕೆಳಗೆ ಇಳಿದು ನಿಮ್ಮ ಕಡೆಗೇ ಬರುವುದು” ಎಂದ ಗೈಡ್ ಹುಡುಗ. “ಹಾಗಾದರೆ ಇದೇ ಮೂಲವಾ?” ಎಂದು ಅಳಿಯ ಕೇಳಿದ. “ಇಂಥದ್ದು ಪ್ರತಿ ಮಡಿಕೆಯಲ್ಲೂ ಉಂಟು” ಎಂದ ಆತ.

ಆ ಮಾತು ಕೇಳಿದಾಗ ಋಷಿಮೂಲದ ಗಾದೆ ನನಗೆ ಬೇರೆಯೇ ರೀತಿಯಲ್ಲಿ ತೆರೆದುಕೊಂಡಿತು. ಇದೋ ಇಲ್ಲಿ ಎಂದು ಬೆರಳು ತೋರಿಸಲು ನದಿಗೆ ಒಂದು ಬಿಂದು ಇಲ್ಲ. ಹುಲ್ಲಿನ ಬೇರು, ಶೋಲಾದ ನೆಲ, ಪಾಚಿ, ಬಂಡೆಯ ಬಿರುಕು, ಒಟ್ಟು ಬೆಟ್ಟವೇ ಮೂಲ. ನಮ್ಮ ಪುರಾಣವೂ ಹಾಗೆಯೇ ಹೇಳುತ್ತದೆ. ಇದೇ ಉದ್ಯಾನದ ಗಂಗಾಮೂಲ ಇರುವ ಬೆಟ್ಟ ವರಾಹಪರ್ವತ; ತುಂಗೆ, ಭದ್ರೆಯರು ವರಾಹಸ್ವಾಮಿಯ ಕೋರೆಗಳಿಂದಲೂ ನೇತ್ರಾವತಿ ಅವನ ಕಣ್ಣಿನಿಂದಲೂ ಹರಿದರು ಎಂಬುದು ನಂಬಿಕೆ. ಮೂರು ನದಿಗಳನ್ನೂ ಒಂದೇ ಮೈಯಿಂದ ಹರಿಸಿದ್ದಾರೆ. ಅದೂ ಯಾರ ಮೈ? ಮುಳುಗುತ್ತಿದ್ದ ಭೂಮಿಯನ್ನು ಎತ್ತಿ ಹಿಡಿದವನದು.

ತಾಳಮದ್ದಳೆಯಲ್ಲಿ ನಾನು ಭಗೀರಥನ ಅರ್ಥ ಹೇಳಿದ್ದುಂಟು. ಸಾಮಾನ್ಯವಾಗಿ ಎಲ್ಲರ ಹೊಗಳಿಕೆ ಭಗೀರಥನ ಛಲಕ್ಕೆ, ಗಂಗೆಯ ರಭಸಕ್ಕೆ. ಶಿವನ ಪಾತ್ರ ಚಿಕ್ಕದು: ಜಟೆಯನ್ನು ಒಡ್ಡಿದ, ಗಂಗೆ ಸಿಕ್ಕಿಕೊಂಡಳು, ಬೇಡಿದ ಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟ. ಈಗ ನನಗೆ ಆ ಕಥೆಯ ತಿರುಳೇ ಆ ಚಿಕ್ಕ ಪಾತ್ರದಲ್ಲಿದೆ ಎನ್ನಿಸುತ್ತದೆ. ಗಂಗೆಯನ್ನು ಇಳಿಸುವುದಕ್ಕೆ ತಪಸ್ಸು ಸಾಕಿತ್ತು. ಇಳಿದ ಗಂಗೆಯನ್ನು ಭೂಮಿ ತಾಳಿಕೊಳ್ಳುವುದಕ್ಕೆ ಒಬ್ಬ ದೇವರು ಬೇಕಾಯಿತು. ಆ ದೇವರು ಮಾಡಿದ ಕೆಲಸ ತಡೆಯುವುದು. ತಡೆದದ್ದರಿಂದಲೇ ಅದು ವರವಾಯಿತು. ಕೊಡುವುದರಲ್ಲಿ ಮಾತ್ರ ದೇವರ ದಯೆಯನ್ನು ಕಾಣುತ್ತ ಬಂದ ನಮಗೆ, ತಡೆದು ಕೊಡುವುದರಲ್ಲಿರುವ ದಯೆ ಕಾಣುವುದು ಕಷ್ಟ.

ತಡೆಯುವ ಜಟೆ ಸಡಿಲವಾದರೆ ಏನಾಗುತ್ತದೆಂದು ಬೆಳ್ತಂಗಡಿಯವರನ್ನು ಕೇಳಬೇಕು. 2019ರ ಆಗಸ್ಟ್ 9ರಂದು ಘಟ್ಟದ ಬದಿಯಲ್ಲಿ ಭೂಮಿ ಕುಸಿದು, ಚಾರ್ಮಾಡಿ, ದಿಡುಪೆ ಕಡೆಯ ಹೊಳೆಗಳು ಮರ, ಬಂಡೆ, ಕೆಸರು ಹೊತ್ತು ತೋಟಗಳ ಮೇಲೆ ನುಗ್ಗಿದವು. ತಲೆಮಾರುಗಳ ಅಡಿಕೆ ತೋಟ ಕೆಲವೇ ಗಂಟೆಗಳಲ್ಲಿ ಮರಳಿನ ದಿಬ್ಬವಾಯಿತು. 2025ರ ಆಗಸ್ಟ್ 5ರಂದು ಗಂಗೋತ್ರಿ ದಾರಿಯ ಧರಾಲಿ ಊರಿನ ಮೇಲೆ ಅಂಥದ್ದೇ ಕೆಸರಿನ ಹೊಳೆ ಇಳಿಯಿತು. ನಾವು ಚಹಾ ಕುಡಿಯಲು ಬಸ್ಸು ನಿಲ್ಲಿಸಿದ್ದ ಊರು ಅದು. ಬಂಟ್ವಾಳಕ್ಕೆ ನೆರೆ ಹೊಸದಲ್ಲ. 1923ರದ್ದನ್ನೂ 1974ರದ್ದನ್ನೂ ಹಿರಿಯರು ಈಗಲೂ ಕಾಲ ಎಣಿಸುವುದಕ್ಕೆ ಬಳಸುತ್ತಾರೆ. ಮಳೆ ಹೆಚ್ಚಾದರೆ ನದಿ ಉಕ್ಕುವುದು ಪ್ರಕೃತಿ. ಬೆಟ್ಟದ ಹಿಡಿತವನ್ನು ನಾವೇ ಸಡಿಲಿಸುವುದು ಪ್ರಕೃತಿಯಲ್ಲ.

ಹಾಗಾದರೆ ಹಿಡಿದಿಡುವ ದೇವರಿಗೆ ತಕ್ಕ ಪೂಜೆ ಯಾವುದು? ನಾವೂ ಏನನ್ನಾದರೂ ಹಿಡಿದಿಟ್ಟುಕೊಳ್ಳುವುದು. ಆಸೆಯನ್ನು, ಸಂಖ್ಯೆಯನ್ನು, ಸದ್ದನ್ನು, ಹೆಜ್ಜೆಯನ್ನು. ಇದು ನಮಗೆ ಹೊಸ ಮತವೇನಲ್ಲ. ತುಳುನಾಡಿನ ಎಷ್ಟೋ ಕುಟುಂಬಗಳಿಗೆ ನಾಗಬನ ಉಂಟು. ನಾಗರಪಂಚಮಿಗೆ ತನು ಎರೆಯಲು ಹೋಗುತ್ತೇವೆ, ಉಳಿದ ದಿನಗಳಲ್ಲಿ ಅಲ್ಲಿಂದ ಒಣಗಿದ ಸೌದೆಯನ್ನೂ ತರುವುದಿಲ್ಲ. ಹೋಗದೆ ಇರುವುದೇ ಅಲ್ಲಿ ವರ್ಷವಿಡೀ ನಡೆಯುವ ಪೂಜೆ. ಅಂಥ ಬನಗಳನ್ನು ಕಡಿದು ಗ್ರಾನೈಟ್ ಕಟ್ಟೆ ಕಟ್ಟಿಸಿದ ಕಡೆ, ಪೂಜೆ ಹೆಚ್ಚಾಯಿತು, ನಾಗನಿಗೆ ಇರಲು ನೆರಳಿಲ್ಲದಾಯಿತು. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ನೆರಳಿನಲ್ಲಿ ಬೆಳೆದ ಜೈನ ಬಂಧುಗಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಒಂದಿಂದ್ರಿಯದ ಜೀವಗಳಿವೆ ಎನ್ನುತ್ತದೆ ಅವರ ಶಾಸ್ತ್ರ. ಉಳಿದ ಕಾಲವೆಲ್ಲ ಬರಿಗಾಲಲ್ಲಿ ನಡೆಯುವ ಮುನಿಗಳು ಮಳೆಗಾಲದಲ್ಲಿ ಚಾತುರ್ಮಾಸ ಹಿಡಿದು ಒಂದೇ ಕಡೆ ನಿಲ್ಲುತ್ತಾರೆ, ಹಸಿ ನೆಲದ ತುಂಬ ಹುಳುಹುಪ್ಪಟೆ ಹುಟ್ಟುವ ಕಾಲವೆಂದು. ನಮ್ಮ ಹುಡುಗರು ಸಾವಿರ ಸಾವಿರವಾಗಿ ಬೆಟ್ಟ ಹತ್ತಲು ಆರಿಸುವುದು ಅದೇ ಕಾಲ. ಕುದುರೆಮುಖದ ತಪ್ಪಲಿನ ವೇಣೂರಿನಲ್ಲಿ 1604ರಲ್ಲಿ ಅಜಿಲ ಅರಸ ನಿಲ್ಲಿಸಿದ 35 ಅಡಿಯ ಬಾಹುಬಲಿಯ ಕಾಲಿಗೆ ಬಳ್ಳಿ ಹಬ್ಬಿದೆ. ಗೆದ್ದದ್ದನ್ನು ಬಿಟ್ಟು ನಿಂತವನ ಮೇಲೆ ಮಾತ್ರ ಬಳ್ಳಿಗೆ ಹಬ್ಬುವಷ್ಟು ಸಮಯ ಸಿಗುತ್ತದೆ.

ಪರ್ವತ ಏರುವವರಲ್ಲಿಯೂ ಈ ಮರ್ಯಾದೆ ತಿಳಿದವರಿದ್ದರು. 1955ರ ಮೇ ತಿಂಗಳಲ್ಲಿ ಕಾಂಚನಜುಂಗಾವನ್ನು ಮೊದಲು ಹತ್ತಿದ ಜಾರ್ಜ್ ಬ್ಯಾಂಡ್, ಜೋ ಬ್ರೌನ್ ಇಬ್ಬರೂ ಶಿಖರದ ತುದಿಗೆ ಕೆಲವೇ ಅಡಿ ಇರುವಾಗ ನಿಂತು ಹಿಂತಿರುಗಿದರು. ಸಿಕ್ಕಿಂ ಜನರಿಗೆ ಅದು ದೇವರು, ತುದಿಯನ್ನು ತುಳಿಯುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅಷ್ಟು ಹತ್ತಿರದಲ್ಲಿ ಹಿಂದೆ ಸರಿದ ಆ ಕೆಲವು ಅಡಿಗಳು ನನಗೆ ಹತ್ತಿದ ಎಂಟು ಸಾವಿರ ಮೀಟರಿಗಿಂತ ದೊಡ್ಡದಾಗಿ ಕಾಣುತ್ತವೆ. ಆ ಬೆಟ್ಟದ ಸಿಕ್ಕಿಂ ಬದಿಯೂ ಅಲ್ಲಿನ ಹಿಮನದಿಗಳೂ ಈಗ ರಾಷ್ಟ್ರೀಯ ಉದ್ಯಾನ. 2016ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಪ್ರಕೃತಿಯನ್ನೂ ಜನರ ನಂಬಿಕೆಯನ್ನೂ ಒಟ್ಟಿಗೇ ಗಣಿಸಿತು.

ಅಕ್ಕನ ಬೂಟಿನ ಪ್ರಶ್ನೆಗೆ ಇಲ್ಲಿಂದ ಉತ್ತರ ಹೇಳಬಲ್ಲೆ. ಚರ್ಮದ ಬೂಟಿನಿಂದ ಬೆಟ್ಟಕ್ಕೆ ಮೈಲಿಗೆಯಾಗುವುದಿಲ್ಲ; ಮಿತಿ ಇಲ್ಲದ ಬೂಟಿನಿಂದ ಆಗುತ್ತದೆ. ಇದೇ ಕುದುರೆಮುಖದಲ್ಲಿ 1976ರಲ್ಲಿ ಶುರುವಾದ ಸರಕಾರಿ ಕಂಪೆನಿ ಕಬ್ಬಿಣದ ಅದಿರಿಗಾಗಿ ಬೆಟ್ಟಗಳನ್ನು ಅರೆದು, ಆ ಹುಡಿಯನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿಸಿತು. ಸಾವಿರಾರು ಮನೆಗಳಿಗೆ ಅದರಿಂದ ಅನ್ನ ಸಿಕ್ಕಿತು. ನಮ್ಮ ಊರಿನ ಎಷ್ಟೋ ಮಕ್ಕಳು ಆ ಸಂಬಳದಲ್ಲಿ ಓದಿದರು, ಅದನ್ನು ಮರೆಯಬಾರದು. ಆದರೆ ನದಿಗಳು ಹುಟ್ಟುವ ಮೈಯನ್ನು ಕೊರೆಯುತ್ತಿದ್ದೇವೆಂದು ನಮ್ಮ ಯಾವ ಜಾತ್ರೆಯಲ್ಲಿಯೂ ಯಾರೂ ಮರುಗಲಿಲ್ಲ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಶಿವನ ಕೆಲಸವನ್ನು ಅಂದು ನ್ಯಾಯಾಲಯ ಮಾಡಿತು ಎಂದರೆ ಅದು ಅತಿಶಯವಲ್ಲ. ಗಂಗೋತ್ರಿಯ ಗೇಟಿನಲ್ಲಿ ಅತ್ತ ವೃದ್ಧರಿಗೂ ಈಗ ಹೇಳಬಲ್ಲೆ: ಅಜ್ಜ, ಆ ಚೀಟಿ ತಾಯಿಯನ್ನು ನೋಡುವುದಕ್ಕೆ ಅಡ್ಡಿಯಲ್ಲ, ಅದೂ ಯಾತ್ರೆಯ ವ್ರತದಲ್ಲೇ ಸೇರಿದ್ದು. ನಾಳೆಯ 150 ಜನರಲ್ಲಿ ನೀವಿರುತ್ತೀರಿ, ನಿಮ್ಮ ಮೊಮ್ಮಕ್ಕಳೂ ಒಂದು ದಿನ ಇರಬೇಕು.

ಇಷ್ಟು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಕುದುರೆಮುಖ ಉದ್ಯಾನದ ಒಳಗೆ, ಕುತ್ಲೂರು, ನಾರಾವಿ, ಸವಣಾಲು, ಎಳನೀರಿನಂಥ ಕಡೆಗಳಲ್ಲಿ ಮಲೆಕುಡಿಯರ ಮನೆಗಳಿವೆ. ಉದ್ಯಾನ ಎಂಬ ಗೆರೆ ಎಳೆಯುವುದಕ್ಕೆ ತಲೆಮಾರುಗಳ ಮೊದಲೇ ಅವರು ಅಲ್ಲಿದ್ದರು. ನಾವು ಮಿತಿಯ ಮಾತನ್ನು ಆಡುವಾಗ ಅದರ ಭಾರ ಮೊದಲು ಬಿದ್ದದ್ದು ಅವರ ಮೇಲೆ. ರಸ್ತೆಗೆ ತಡೆ, ಕರೆಂಟಿಗೆ ತಡೆ. ಕಾಯಿಲೆ ಬಿದ್ದವರನ್ನು ಹೆಗಲ ಮೇಲೆ ಹೊತ್ತು ತರಬೇಕಾದ ಸ್ಥಿತಿ. ಎಳನೀರು ಬೆಳ್ತಂಗಡಿ ತಾಲೂಕಿನದೇ ಊರು. ಅಲ್ಲಿಯವರು ತಾಲೂಕು ಕಚೇರಿಗೆ ಬರಬೇಕಾದರೆ ಘಟ್ಟ ಸುತ್ತಿ ದಿನವಿಡೀ ಪ್ರಯಾಣ ಮಾಡಬೇಕು. ಬುಕಿಂಗ್ ಮಾಡಿಕೊಂಡ ನಾವು ಬೆಳಿಗ್ಗೆ ಹತ್ತಿ, ಫೋಟೊ ತೆಗೆದು, ರಾತ್ರಿ ಫ್ಯಾನಿನಡಿ ಮಲಗುತ್ತೇವೆ.

ಇನ್ನೊಬ್ಬರ ಮೇಲೆ ಹೇರಿದ ತ್ಯಾಗ ತ್ಯಾಗವಲ್ಲ. ಕಾಡು ಉಳಿಯಬೇಕೆಂದು ಯಾರು ಬಯಸುತ್ತಾರೋ, ಅದರ ನೀರನ್ನು ಯಾರು ಹೆಚ್ಚು ಬಳಸುತ್ತಾರೋ, ವ್ರತ ಅವರದಾಗಬೇಕು. ಶೋಲಾವನ್ನು ಕಡಿಯದೆ ಉಳಿಸಿಕೊಂಡು ಬಂದ ಮನೆಯವರಿಗೆ 2006ರ ಅರಣ್ಯ ಹಕ್ಕು ಕಾಯಿದೆ ಕೊಟ್ಟದ್ದು ಪೂರ್ತಿಯಾಗಿ ಸಿಗಬೇಕು. ಇರುತ್ತೇನೆ ಎನ್ನುವವರಿಗೆ ದೀಪ, ಹೊರಡುತ್ತೇನೆ ಎನ್ನುವವರಿಗೆ ಮರ್ಯಾದೆಯ ಪರಿಹಾರ. 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆ ಕುತ್ಲೂರನ್ನು ಸಾಹಸ ಪ್ರವಾಸದ ವಿಭಾಗದಲ್ಲಿ ಉತ್ತಮ ಪ್ರವಾಸಿ ಗ್ರಾಮವೆಂದು ಆರಿಸಿತು. ನನಗೆ ಸಂತೋಷವಾಯಿತು. ಆ ಹೆಸರಿನಿಂದ ಬರುವ ದುಡಿಮೆ ಅಲ್ಲಿನ ಹುಡುಗರ ಕೈಗೇ ಸಿಗಲಿ. ಎಷ್ಟು ಜನ ಬರಬೇಕು, ಎಲ್ಲಿಯವರೆಗೆ ಬರಬೇಕು ಎಂಬುದರಲ್ಲಿ ಅವರ ಮಾತೂ ನಡೆಯಲಿ. ನಮಗೆ ದಾರಿ ತೋರಿಸಿದ ಗೈಡ್ ಹುಡುಗ ಒಂದು ಕಡೆ ಅಡ್ಡ ನಿಂತು, ಇದರಾಚೆ ಬೇಡ ಎಂದಿದ್ದ. ಕಾರಣ ಕೇಳಿದರೆ, ಆಚೆ ಕಾಟಿಗಳು ಕರು ಹಾಕಿವೆ ಎಂದ. ಅವನ ಬೇಡಕ್ಕೆ ಬೋರ್ಡಿನ ಬೇಡಕ್ಕಿಲ್ಲದ ತೂಕ ಇತ್ತು, ಏಕೆಂದರೆ ಅವನು ಅಲ್ಲಿ ಬದುಕುವವನು.

ಹಾಗಾಗಿ ಋಷಿಮೂಲ ನದಿಮೂಲದ ಮಾತಿಗೆ ನಾನು ಹೇಳುವ ಅರ್ಥ ಇದು. ನದಿಮೂಲಕ್ಕೆ ಹೋಗಬಾರದು ಎಂದಲ್ಲ. ಮೂಲವನ್ನು ವಶಮಾಡಿಕೊಳ್ಳಲು ಹೋಗಬಾರದು. ಹೋಗುವವನು ವ್ರತ ಹಿಡಿದು ಹೋಗಲಿ: ಅಪ್ಪಣೆ ಕೇಳಿ, ಲೆಕ್ಕದ ಒಳಗೆ ಒಬ್ಬನಾಗಿ, ಸದ್ದಿಲ್ಲದೆ, ಕೊಂಡೊಯ್ದ ಕಸವನ್ನು ಹಿಂದೆ ತಂದು, ನಿಲ್ಲು ಎಂದಲ್ಲಿ ನಿಂತು. ಹೋಗದವನ ಭಕ್ತಿ ಇದಕ್ಕಿಂತ ಒಂದು ತೂಕ ಹೆಚ್ಚೇ ಹೊರತು ಕಡಿಮೆಯಲ್ಲ. ಅಕ್ಕನ ದೂರ ನಿಲ್ಲುವ ಭಕ್ತಿಯೂ ಅಳಿಯನ ಹತ್ತಿರ ಹೋಗುವ ಭಕ್ತಿಯೂ ಮಿತಿ ಎಂಬಲ್ಲಿ ಒಂದಾಗುತ್ತವೆ.

ಹೋಗಿ ಬಂದವನ ಮೇಲೆ ಮಾತ್ರ ಒಂದು ಋಣ ಹೆಚ್ಚಿಗೆ ಬೀಳುತ್ತದೆ. ಶೋಲಾ ತಿಂಗಳುಗಟ್ಟಲೆ ಹಿಡಿದಿಟ್ಟು, ಸೋಸಿ, ಹನಿಹನಿಯಾಗಿ ಬಿಟ್ಟ ನೀರು ಧರ್ಮಸ್ಥಳದ ಸ್ನಾನಘಟ್ಟ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ನಮ್ಮ ಪಾಣೆಮಂಗಳೂರಿನ ಸೇತುವೆಯಡಿ ಬರುವಾಗ, ಅದಕ್ಕೆ ನಾವು ಸೇರಿಸುವುದು ಚರಂಡಿ, ಕೋಳಿ ಅಂಗಡಿಯ ಕಸ, ಪೂಜೆ ಮುಗಿದ ಹೂವಿನ ಪ್ಲಾಸ್ಟಿಕ್ ಚೀಲ. ಅಲ್ಲಿಂದ ಕೆಳಗೆ ತುಂಬೆಯಲ್ಲಿ ಅದೇ ನೀರನ್ನು ಮಂಗಳೂರು ಕುಡಿಯುತ್ತದೆ. ಆಟಿ ಅಮಾವಾಸ್ಯೆಗೆ ನರಹರಿ ಪರ್ವತಕ್ಕೂ ಕಾರಿಂಜಕ್ಕೂ ತೀರ್ಥಸ್ನಾನಕ್ಕೆ ಹತ್ತುವ ನಾವು ಬೆಟ್ಟದ ನೆತ್ತಿಯ ನೀರನ್ನು ತೀರ್ಥವೆಂದು ತಲೆಗೆ ಹಾಕಿಕೊಳ್ಳುತ್ತೇವೆ. ಅದೇ ನೀರು ಪೇಟೆಗೆ ಇಳಿದ ಕೂಡಲೇ ಅದರ ದೇವತ್ವ ಎಲ್ಲಿ ಹೋಯಿತು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ದೇವಸ್ಥಾನ, ಬಸದಿ, ಮಸೀದಿ, ಇಗರ್ಜಿಗಳ ಆಡಳಿತದವರಲ್ಲಿ ನನ್ನದೊಂದು ವಿನಂತಿ. ಉತ್ಸವಕ್ಕೆ, ಉರೂಸಿಗೆ, ಹಬ್ಬಕ್ಕೆ ಸೇರುವ ಜನರಿಗೆ ಈ ಒಂದು ವ್ರತವನ್ನು ನಿಮ್ಮ ಬಾಯಿಂದ ಹೇಳಿ: ಹೊಳೆಗೆ ಏನನ್ನೂ ಬಿಡುವುದಿಲ್ಲ. ನನ್ನ ಅಂಗಡಿಗೆ ಬರುವವರಿಗೆ ನಾನು ಹೇಳಲು ಶುರುಮಾಡಿದ್ದೇನೆ. ಹಳೆ ಗ್ರೀಸು, ಸುಟ್ಟ ಎಣ್ಣೆ ಹೊಳೆಬದಿಯಲ್ಲಿ ಚೆಲ್ಲಬೇಡಿ, ಡಬ್ಬಿಯಲ್ಲಿ ತನ್ನಿ, ನಾನು ತೆಗೆದಿಡುತ್ತೇನೆ ಎಂದು. ತರುತ್ತಿದ್ದಾರೆ. ಮೇಲಿನ ಬೆಟ್ಟ ನಮಗಾಗಿ ವರ್ಷವಿಡೀ ತಡೆದು ಕೊಡುತ್ತಿದೆ. ನಮ್ಮ ಪಾಲಿನ ತಡೆಯನ್ನು ನಾವು ಇಲ್ಲಿ, ನಮ್ಮ ಮನೆಯ ಹಿಂದಿನ ಚರಂಡಿಯಿಂದಲೇ ಹಿಡಿಯಬೇಕು.